ಚಿಕ್ಕಬಳ್ಳಾಪುರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಕಲಾಶಿಕ್ಷಣ

ಚಿತ್ರ, ಮಣ್ಣಿನ ಕೆಲಸ, ಕಾಗದದ ಕೆಲಸ, ಹಾಡು, ಕುಣಿತ, ಕಥೆ ಮತ್ತು ನಾಟಕಗಳ ಮೂಲಕ ಆರರಿಂದ ಹನ್ನೊಂದು ವರ್ಷದವರೆಗಿನ ಮಕ್ಕಳ ಸೃಜನಶೀಲತೆಯನ್ನು ಪೋಷಿಸುವ ಶಾಲಾ ಕಾರ್ಯವನ್ನು ಪ್ರಾಥಮಿಕ ಹಂತದ ಕಲಾಶಿಕ್ಷಣ ಎಂದು ಕರೆಯಲಾಗುತ್ತದೆ. ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಅದರಲ್ಲಿಯೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ, ಈ ಕಾರ್ಯಕ್ಕೆ ಒಂದು ವಿಶೇಷ ಮಹತ್ವವಿದೆ. ಆಂಧ್ರಪ್ರದೇಶಕ್ಕೆ ಹೊಂದಿಕೊಂಡಿರುವ ಈ ಪ್ರದೇಶದ ಅನೇಕ ಮಕ್ಕಳ ಮನೆಮಾತು ತೆಲುಗು. ಪಟ್ಟಣಗಳಲ್ಲಿ ಉರ್ದು ಮನೆಮಾತಿನ ಮಕ್ಕಳೂ ಇದ್ದಾರೆ. ಶಾಲೆಯ ಭಾಷೆ ಕನ್ನಡ ಅಥವಾ ಇಂಗ್ಲಿಷ್ ಆಗಿರುವಾಗ, ಇಂತಹ ಮಗುವಿಗೆ ತರಗತಿಯಲ್ಲಿ ಮೊದಲು ದಕ್ಕುವ ಮಾಧ್ಯಮ ಅಕ್ಷರವಲ್ಲ. ಗೆರೆ, ಬಣ್ಣ, ತಾಳ ಮತ್ತು ಅಭಿನಯ.

ಹಿನ್ನೆಲೆ

ಮಕ್ಕಳ ಚಿತ್ರವು ದೊಡ್ಡವರ ಚಿತ್ರದ ಅಪಕ್ವ ರೂಪವಲ್ಲ, ಅದಕ್ಕೆ ತನ್ನದೇ ಆದ ನಿಯಮಗಳಿವೆ ಎಂಬ ತಿಳಿವಳಿಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಬಲಗೊಂಡಿತು. ವಿಯೆನ್ನಾ ನಗರದಲ್ಲಿ ಫ್ರಾಂಜ್ ಚಿಜೆಕ್ 1897ರಲ್ಲಿ ಮಕ್ಕಳಿಗಾಗಿ ಕಲಾತರಗತಿಯನ್ನು ಆರಂಭಿಸಿದರು. ನಕಲು ಮಾಡಿಸುವುದನ್ನು ಬಿಟ್ಟು ಮಗುವಿಗೆ ತೋಚಿದ್ದನ್ನು ಬರೆಯಲು ಬಿಡುವುದು ಅವರ ಕ್ರಮವಾಗಿತ್ತು. ಹರ್ಬರ್ಟ್ ರೀಡ್ ಅವರ ‘ಎಜುಕೇಶನ್ ಥ್ರೂ ಆರ್ಟ್’ (1943) ಮತ್ತು ವಿಕ್ಟರ್ ಲೋವೆನ್‌ಫೆಲ್ಡ್ ಅವರ ‘ಕ್ರಿಯೇಟಿವ್ ಅಂಡ್ ಮೆಂಟಲ್ ಗ್ರೋತ್’ (1947) ಎಂಬ ಎರಡು ಗ್ರಂಥಗಳು ಈ ವಿಚಾರವನ್ನು ಶಿಕ್ಷಕರ ತರಬೇತಿಯೊಳಕ್ಕೆ ತಂದವು. ಒಂದು ಪ್ರಶ್ನೆಗೆ ಒಂದೇ ಸರಿಯುತ್ತರವನ್ನು ಹುಡುಕುವ ಚಿಂತನೆಗಿಂತ ಹಲವು ಉತ್ತರಗಳನ್ನು ಕಲ್ಪಿಸಿಕೊಳ್ಳುವ ಚಿಂತನೆ ಬೇರೆ ಎಂಬ ಅಂಶವನ್ನು ಅಮೆರಿಕದ ಮನೋವಿಜ್ಞಾನಿ ಜೆ. ಪಿ. ಗಿಲ್ಫರ್ಡ್ 1950ರ ದಶಕದಲ್ಲಿ ಮುನ್ನೆಲೆಗೆ ತಂದರು. ‘ಸೃಜನಶೀಲತೆ’ ಎಂಬ ಪದ ಶಿಕ್ಷಣದ ಚರ್ಚೆಯಲ್ಲಿ ಇಂದು ಬಳಕೆಯಾಗುವ ಅರ್ಥಕ್ಕೆ ಈ ವಿಂಗಡಣೆಯೇ ಬಹುಮಟ್ಟಿಗೆ ಆಧಾರ.

ಭಾರತದಲ್ಲಿ ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ತೆರೆದ ಶಾಲೆಯು ಹಾಡು, ಚಿತ್ರ, ನಾಟಕಗಳನ್ನು ದಿನಚರಿಯ ಭಾಗವಾಗಿಸಿತು. ಗಾಂಧೀಜಿಯವರ ನಯೀ ತಾಲೀಮ್ (1937) ಕೈಕೆಲಸವನ್ನು ಕಲಿಕೆಯ ಕೇಂದ್ರದಲ್ಲಿರಿಸಿತು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ಕಥೆ ಮತ್ತು ಆಟಗಳಿಂದ ಪ್ರಾಥಮಿಕ ತರಗತಿಯನ್ನು ನಡೆಸಿ ತೋರಿಸಿದರು.

ಕನ್ನಡದಲ್ಲಿ ಈ ಪರಂಪರೆ ಚಿತ್ರಕ್ಕಿಂತ ಹೆಚ್ಚಾಗಿ ಪದ್ಯ ಮತ್ತು ರಂಗಭೂಮಿಯ ದಾರಿಯಲ್ಲಿ ಬೆಳೆಯಿತು. ಶಾಲಾ ಇಲಾಖೆಯಲ್ಲಿಯೇ ಕೆಲಸ ಮಾಡಿದ ಪಂಜೆ ಮಂಗೇಶರಾಯರು (1874–1937) ಮಕ್ಕಳು ಕುಣಿದು ಹಾಡಬಲ್ಲ ಶಿಶುಗೀತೆಗಳನ್ನು ರಚಿಸಿದರು, ಜಿ. ಪಿ. ರಾಜರತ್ನಂ ಆ ದಾರಿಯನ್ನು ವಿಸ್ತರಿಸಿದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ಕೈಗೊಂಡರು. ಬೆಂಗಳೂರಿನಲ್ಲಿ ಪ್ರೇಮಾ ಕಾರಂತರು ಕಟ್ಟಿದ ಬೆನಕ ಮಕ್ಕಳ ಕೇಂದ್ರ ಮತ್ತು ಮೈಸೂರಿನ ರಂಗಾಯಣವು ಬೇಸಿಗೆ ರಜೆಯಲ್ಲಿ ನಡೆಸುವ ಚಿಣ್ಣರ ಮೇಳಗಳು ಮಕ್ಕಳ ರಂಗಭೂಮಿಗೆ ಸಾಂಸ್ಥಿಕ ರೂಪ ನೀಡಿದವು. ಆದರೆ ಇವುಗಳಲ್ಲಿ ಹೆಚ್ಚಿನವು ಶಾಲೆಯ ಹೊರಗೆ, ರಜೆಯ ದಿನಗಳಲ್ಲಿ, ದೊಡ್ಡ ನಗರಗಳಲ್ಲಿ ನಡೆದ ಕೆಲಸಗಳು. ತಾಲ್ಲೂಕು ಕೇಂದ್ರದ ಅಥವಾ ಹಳ್ಳಿಯ ಶಾಲೆಯ ಸೋಮವಾರದ ತರಗತಿಗೆ ಅವು ತಲುಪಿದ್ದು ವಿರಳ.

ಜಿಲ್ಲೆಯ ಪರಿಸರ

ಚಿಕ್ಕಬಳ್ಳಾಪುರವು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ಮತ್ತು ಕೊಳವೆ ಬಾವಿಗಳನ್ನು ನಂಬಿದ ಈ ಬಯಲುಸೀಮೆಯಲ್ಲಿ ರೇಷ್ಮೆ, ಹೂವು, ತರಕಾರಿ ಮತ್ತು ದ್ರಾಕ್ಷಿ ಪ್ರಮುಖ ಬೆಳೆಗಳು. ಶಿಡ್ಲಘಟ್ಟವು ರೇಷ್ಮೆಗೂಡಿನ ಮಾರುಕಟ್ಟೆಗೂ ನೂಲು ಬಿಚ್ಚಾಣಿಕೆಗೂ ಹೆಸರಾಗಿದೆ. ಬೆಳೆಯ ಕೆಲಸ ಹೆಚ್ಚಿರುವ ದಿನಗಳಲ್ಲಿ ಮಕ್ಕಳು ಮನೆಯವರಿಗೆ ನೆರವಾಗುವುದು ಇಲ್ಲಿ ಸಾಮಾನ್ಯ. ಆದ್ದರಿಂದ ಶಾಲೆಗೆ ಬರುವ ಮಗುವಿನ ಕಣ್ಣಿಗೆ ಹಿಪ್ಪುನೇರಳೆ ತೋಟ, ಚಂದ್ರಿಕೆ, ಹೂವಿನ ಮೂಟೆ, ಸಂತೆ ಇವೆಲ್ಲ ಪರಿಚಿತ.

ಕಲೆಯ ದೃಷ್ಟಿಯಿಂದಲೂ ಪ್ರದೇಶ ಬಡವಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಕಲ್ಯಾಣಮಂಟಪದ ಕಂಬಗಳಲ್ಲಿಯೂ ರಂಗಸ್ಥಳದ ರಂಗನಾಥ ದೇವಾಲಯದಲ್ಲಿಯೂ ಸೂಕ್ಷ್ಮ ಶಿಲ್ಪಗಳಿವೆ. ಗೌರಿಬಿದನೂರಿನಿಂದ ಹಿಂದೂಪುರದ ಮಾರ್ಗವಾಗಿ ಗಡಿ ದಾಟಿದರೆ ವಿಜಯನಗರ ಕಾಲದ ವರ್ಣಚಿತ್ರಗಳಿರುವ ಲೇಪಾಕ್ಷಿ ಸಿಗುತ್ತದೆ. ಇನ್ನೂ ಮುಂದೆ ಧರ್ಮಾವರದ ಬಳಿಯ ನಿಮ್ಮಲಕುಂಟೆಯಲ್ಲಿ ತೊಗಲುಗೊಂಬೆ ತಯಾರಕರ ಕುಟುಂಬಗಳಿವೆ. ಚಿಂತಾಮಣಿ ತಾಲ್ಲೂಕಿನ ಕೈವಾರವು ತೆಲುಗು ಮತ್ತು ಕನ್ನಡ ಎರಡರಲ್ಲಿಯೂ ಪದಗಳನ್ನು ರಚಿಸಿದ ಯೋಗಿ ನಾರೇಯಣ ಯತೀಂದ್ರರ (ಕೈವಾರ ತಾತಯ್ಯ) ಸ್ಥಳ. ಕೋಲಾಟ, ಚೆಕ್ಕೆಭಜನೆ, ತಮಟೆ, ಕೀಲುಕುದುರೆಗಳು ಊರಹಬ್ಬಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಶತಮಾನಗಳಿಂದ ಕೀಳೆಂದು ಕಾಣಲಾದ ವಾದ್ಯವೊಂದಕ್ಕೆ ಸಂದ ಈ ಗೌರವವು, ತಮಟೆಯನ್ನು ಶಾಲೆಯ ಸಂಗೀತದ ಅವಧಿಯೊಳಗೆ ತರುವ ಶಿಕ್ಷಕರಿಗೆ ಒಂದು ಆಧಾರವಾಗಿದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಜನಿಸಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯ (1920–2005) ಅವರನ್ನು ಸಾಮಾನ್ಯವಾಗಿ ವಿಜ್ಞಾನ ಮನೋಧರ್ಮದ ಪ್ರತಿಪಾದಕರೆಂದು ನೆನೆಯಲಾಗುತ್ತದೆ. ಅವರು ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದಂತೆಯೇ ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಪ್ರಶ್ನೆ ಕೇಳುವ ವಿದ್ಯಾರ್ಥಿಗೆ ಸಂಗೀತ ನೃತ್ಯಗಳೂ ಬೇಕು ಎಂಬ ನಿಲುವಿಗೆ ಜಿಲ್ಲೆಯೊಳಗಿನಿಂದಲೇ ದೊರೆಯುವ ನಿದರ್ಶನ ಇದು.

ನಲಿ-ಕಲಿ ತರಗತಿ

ಸರ್ಕಾರಿ ಶಾಲೆಗಳ ಮೊದಲ ತರಗತಿಗಳಲ್ಲಿ ಕಲೆಗೆ ನಿಜವಾದ ಜಾಗ ದೊರಕಿಸಿದ್ದು ಪ್ರತ್ಯೇಕ ಚಿತ್ರಕಲಾ ಅವಧಿಯಲ್ಲ, ನಲಿ-ಕಲಿ ಪದ್ಧತಿ. ಇದರ ಮೂಲದ ಒಂದು ಎಳೆ ಚಿಕ್ಕಬಳ್ಳಾಪುರ ಜಿಲ್ಲೆಯ ನೆರೆಯಲ್ಲಿಯೇ ಇದೆ. ಚಿಂತಾಮಣಿಯಿಂದ ಪೂರ್ವಕ್ಕೆ ರಾಜ್ಯದ ಗಡಿ ದಾಟಿ ಮುಂದೆ ಹೋದರೆ ಮದನಪಲ್ಲಿ ಸಿಗುತ್ತದೆ. ಅದರ ಸಮೀಪದಲ್ಲಿ ಜಿಡ್ಡು ಕೃಷ್ಣಮೂರ್ತಿಯವರ ವಿಚಾರಗಳ ಆಧಾರದ ಮೇಲೆ ನಡೆಯುವ ರಿಷಿವ್ಯಾಲಿ ಸಂಸ್ಥೆಯಿದೆ. ಅದರ ಗ್ರಾಮೀಣ ಶಿಕ್ಷಣ ಕೇಂದ್ರವು ಸುತ್ತಲಿನ ಹಳ್ಳಿಗಳ ಚಿಕ್ಕ ಶಾಲೆಗಳಿಗಾಗಿ ಕಾರ್ಡುಗಳು ಮತ್ತು ಕಲಿಕಾ ಏಣಿಯನ್ನು ಆಧರಿಸಿದ ಬಹುವರ್ಗ ಬೋಧನಾ ಕ್ರಮವನ್ನು ರೂಪಿಸಿತ್ತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಅಲ್ಲಿಗೆ ಭೇಟಿ ನೀಡಿ, ಆ ಕ್ರಮವನ್ನು ಕನ್ನಡಕ್ಕೆ ಒಗ್ಗಿಸಿ, 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ನಲಿ-ಕಲಿಯನ್ನು ಆರಂಭಿಸಿದರು. 2009–10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೂ ಬಳಿಕ ಮೂರನೆಯ ತರಗತಿಗೂ ವಿಸ್ತರಿಸಿತು. ಹೀಗೆ ಚಿಂತಾಮಣಿಯ ನೆರೆಯಲ್ಲಿ ರೂಪುಗೊಂಡ ಕಲ್ಪನೆಯೊಂದು ಹೆಗ್ಗಡದೇವನಕೋಟೆಯನ್ನು ಸುತ್ತಿಕೊಂಡು ಚಿಂತಾಮಣಿಯ ಶಾಲೆಗಳಿಗೆ ಬಂದು ಸೇರಿತು.

ನಲಿ-ಕಲಿ ತರಗತಿಯಲ್ಲಿ ಮಕ್ಕಳು ಸಾಲಿನಲ್ಲಿ ಕೂರದೆ ಗುಂಪುಗಳಾಗಿ ನೆಲದ ಮೇಲೆ ಸುತ್ತ ಕೂರುತ್ತಾರೆ. ಬೇರೆ ಬೇರೆ ವಯಸ್ಸಿನವರು ಒಂದೇ ಕೋಣೆಯಲ್ಲಿರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆ ಎಟಕುವ ಎತ್ತರಕ್ಕೆ ಕಪ್ಪು ಬಣ್ಣ ಬಳಿದು, ಪ್ರತಿ ಮಗುವಿಗೂ ಗೋಡೆ ಹಲಗೆಯ ಒಂದು ಭಾಗವನ್ನು ಮೀಸಲಿಡಲಾಗುತ್ತದೆ. ತಲೆಯ ಮೇಲೆ ದಾರಗಳನ್ನು ಅಡ್ಡಡ್ಡಲಾಗಿ ಕಟ್ಟಿ ಮಾಡಿದ ‘ಚಪ್ಪರ’ಕ್ಕೆ ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದ, ಮಡಿಸಿದ ಗೊಂಬೆಗಳನ್ನು ತೂಗುಹಾಕುತ್ತಾರೆ. ಹಾಡು, ಅಭಿನಯ, ಕಥೆ ಹೇಳುವುದು, ಚಿತ್ರ ಬರೆಯುವುದು ಇವು ಕಲಿಕಾ ಏಣಿಯ ಮೆಟ್ಟಿಲುಗಳೇ ಆಗಿರುವುದರಿಂದ, ಪಾಠ ಮುಗಿದ ಮೇಲೆ ಸಮಯ ಉಳಿದರೆ ಮಾಡುವ ಕೆಲಸಗಳಾಗಿ ಅವು ಉಳಿಯುವುದಿಲ್ಲ.

ಚಪ್ಪರದ ಉಪಯೋಗ ಶಿಕ್ಷಕರನ್ನು ಅವಲಂಬಿಸಿದೆ. ಒಂದೇ ಮಾದರಿಯ ಮೂವತ್ತು ಹೂವುಗಳು ವರ್ಷವಿಡೀ ಧೂಳು ಹಿಡಿದು ತೂಗಾಡುವ ಚಪ್ಪರವೂ ಇರಬಹುದು, ವಾರಕ್ಕೊಮ್ಮೆ ಬದಲಾಗುವ, ಪ್ರತಿಯೊಂದು ಹಾಳೆಯ ಮೇಲೂ ಮಗುವಿನ ಹೆಸರು ಮತ್ತು ಅದು ಹೇಳಿದ ಒಂದು ವಾಕ್ಯ ಇರುವ ಚಪ್ಪರವೂ ಇರಬಹುದು. ಪದ್ಧತಿ ಎರಡಕ್ಕೂ ಅವಕಾಶ ಕೊಡುತ್ತದೆ. ಸೃಜನಶೀಲತೆ ಎರಡನೆಯದರಲ್ಲಿ ಮಾತ್ರ ಇದೆ.

ನಾಲ್ಕನೆಯ ತರಗತಿಗೆ ಬರುತ್ತಿದ್ದಂತೆ ಈ ವಾತಾವರಣ ಬದಲಾಗುತ್ತದೆ. ಪಠ್ಯಪುಸ್ತಕ, ನೋಟುಪುಸ್ತಕ ಮತ್ತು ಪರೀಕ್ಷೆಗಳ ಕ್ರಮ ಆರಂಭವಾಗಿ, ಚಿತ್ರವು ‘ಅಂದವಾಗಿ ಬರೆದು ಬಣ್ಣ ತುಂಬು’ ಎಂಬ ಸೂಚನೆಗೆ ಇಳಿಯುತ್ತದೆ.

ಮಗುವಿನ ಚಿತ್ರದ ಹಂತಗಳು

ಲೋವೆನ್‌ಫೆಲ್ಡ್ ಅವರ ವಿಂಗಡಣೆಯ ಪ್ರಕಾರ ಎರಡರಿಂದ ನಾಲ್ಕು ವರ್ಷದವರೆಗೆ ಮಗು ಗೀಚುತ್ತದೆ. ನಾಲ್ಕರಿಂದ ಏಳು ವರ್ಷದ ನಡುವೆ ದುಂಡಗಿನ ತಲೆಯಿಂದ ನೇರವಾಗಿ ಕೈಕಾಲು ಹೊರಟ ಮನುಷ್ಯನಂತಹ ಆಕಾರಗಳು ಮೂಡುತ್ತವೆ. ಏಳರಿಂದ ಒಂಬತ್ತರವರೆಗೆ ಮನೆ, ಮರ, ಮನುಷ್ಯರಿಗೆ ಪ್ರತಿ ಮಗುವೂ ತನ್ನದೇ ಒಂದು ನಿಶ್ಚಿತ ಆಕಾರವನ್ನು ಕಂಡುಕೊಳ್ಳುತ್ತದೆ. ಹಾಳೆಯ ಕೆಳಗೆ ನೆಲದ ಗೆರೆ ಬರುತ್ತದೆ. ಒಂಬತ್ತರಿಂದ ಹನ್ನೆರಡರ ನಡುವೆ ‘ಇದು ನಿಜದ ಹಾಗೆ ಇದೆಯೇ’ ಎಂಬ ಅಳುಕು ಹುಟ್ಟುತ್ತದೆ. ವಯಸ್ಸಿನ ಈ ಮಿತಿಗಳು ಎಲ್ಲ ಸಮಾಜಗಳಿಗೂ ಒಂದೇ ರೀತಿ ಅನ್ವಯಿಸುವುದಿಲ್ಲವೆಂಬ ಆಕ್ಷೇಪವಿದ್ದರೂ, ಹಂತಗಳ ಸಾಮಾನ್ಯ ಕ್ರಮವನ್ನು ಶಿಕ್ಷಕರ ತರಬೇತಿಯಲ್ಲಿ ಇಂದಿಗೂ ಬಳಸಲಾಗುತ್ತದೆ.

ಮೂರನೆಯ ಹಂತದ ಚಿತ್ರಗಳಲ್ಲಿ ದೊಡ್ಡವರಿಗೆ ತಪ್ಪಾಗಿ ಕಾಣುವ ಎರಡು ಲಕ್ಷಣಗಳಿವೆ. ಮಗು ತನಗೆ ಮುಖ್ಯವೆನಿಸಿದ್ದನ್ನು ದೊಡ್ಡದಾಗಿ ಬರೆಯುತ್ತದೆ; ಗೋಡೆಯ ಹೊರಗಿನಿಂದ ನೋಡುವಾಗಲೂ ಒಳಗೆ ಇರುವುದನ್ನು ಕಾಣಿಸುತ್ತದೆ. ರೇಷ್ಮೆ ಸಾಕುವ ಮನೆಯ ಮಗು ಮನೆಯ ಚಿತ್ರ ಬರೆದಾಗ ಗೋಡೆಯನ್ನು ಗಾಜಿನಂತೆ ಪಾರದರ್ಶಕವಾಗಿಸಿ, ಒಳಗಿನ ಹುಳುವಿನ ತಟ್ಟೆಗಳನ್ನು ಮನುಷ್ಯರಿಗಿಂತ ದೊಡ್ಡದಾಗಿ ಬರೆದರೆ, ಅದು ತಿಳಿಯದೆ ಮಾಡಿದ ತಪ್ಪಲ್ಲ. ಆ ಮನೆಯಲ್ಲಿ ಆ ದಿನಗಳಲ್ಲಿ ಯಾವುದು ದೊಡ್ಡದೆಂಬುದರ ನಿಖರ ವರದಿ ಅದು. ಇಂತಹ ಚಿತ್ರವನ್ನು ಶಿಕ್ಷಕರು ತಿದ್ದಿದರೆ ಮಗು ಕಲಿಯುವುದು ಪ್ರಮಾಣವನ್ನಲ್ಲ, ತಾನು ಕಂಡದ್ದನ್ನು ನಂಬಬಾರದೆಂಬುದನ್ನು.

ದೇಶದ ಬಹುತೇಕ ಶಾಲೆಗಳಲ್ಲಿ ‘ದೃಶ್ಯ ಬರೆಯಿರಿ’ ಎಂದೊಡನೆ ಮೂಡುವ ಚಿತ್ರ ಒಂದೇ: ಎರಡು ತ್ರಿಕೋನದ ಬೆಟ್ಟ, ನಡುವೆ ಹುಟ್ಟುವ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ಹೆಂಚಿನ ಮನೆ, ತೆಂಗಿನ ಮರ. ನಂದಿಬೆಟ್ಟದ ಗುಂಡಗಿನ ಬಂಡೆಯ ಬೆನ್ನು ಶಾಲೆಯಂಗಳದಿಂದಲೇ ಕಾಣುವ, ತುಂಬಿ ಹರಿಯುವ ನದಿಯನ್ನು ಮಕ್ಕಳು ಕಂಡಿರದ ಊರುಗಳಲ್ಲಿಯೂ ಇದೇ ಚಿತ್ರ ಮೂಡುವುದನ್ನು ಕಲಾಶಿಕ್ಷಣದ ಸಮಸ್ಯೆಯ ಸಂಕ್ಷಿಪ್ತ ರೂಪವೆನ್ನಬಹುದು. ಕರಿಹಲಗೆಯ ಮೇಲೆ ಮಾದರಿ ಬರೆಯುವುದನ್ನು ಬಿಟ್ಟು, ‘ನೀನು ಶಾಲೆಗೆ ಬರುವ ದಾರಿ’, ‘ಸಂತೆಯಲ್ಲಿ ಕಂಡದ್ದು’, ‘ಕೆರೆ ತುಂಬಿದ ದಿನ’ ಎಂಬಂತಹ ವಿಷಯ ನೀಡುವುದು ಇದಕ್ಕೆ ಸರಳ ಪರಿಹಾರ.

ಮನೆಮಾತು ಮತ್ತು ಕಲೆ

ಗಡಿಭಾಗದ ಶಾಲೆಗಳಲ್ಲಿ ಮೊದಲನೆಯ ತರಗತಿಗೆ ಸೇರುವ ತೆಲುಗು ಮನೆಮಾತಿನ ಮಗುವಿಗೆ ಕನ್ನಡ ಸಂಪೂರ್ಣ ಅಪರಿಚಿತವೇನಲ್ಲ. ಬೀದಿಯಲ್ಲಿ, ಅಂಗಡಿಯಲ್ಲಿ ಎರಡೂ ಬೆರೆತಿರುತ್ತವೆ. ಲಿಪಿಗಳೂ ಒಂದನ್ನೊಂದು ಹೋಲುತ್ತವೆ. ಆದರೂ ಕೇಳಿ ಅರ್ಥಮಾಡಿಕೊಳ್ಳುವುದಕ್ಕೂ ತರಗತಿಯ ಎದುರು ನಿಂತು ಮಾತನಾಡುವುದಕ್ಕೂ ಅಂತರವಿದೆ. ಉತ್ತರ ಗೊತ್ತಿದ್ದೂ ಸುಮ್ಮನಿರುವ ಮಗುವನ್ನು ‘ಹಿಂದುಳಿದ’ ಮಗುವೆಂದು ಗುರುತಿಸುವ ಅಪಾಯ ಇರುವುದು ಇಲ್ಲಿಯೇ.

ಈ ಅಂತರವನ್ನು ದಾಟಿಸಲು ಚಿತ್ರವನ್ನು ಬಳಸುವ ಕ್ರಮವೊಂದು ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಮಗು ಮೊದಲು ಚಿತ್ರ ಬರೆಯುತ್ತದೆ. ಅನಂತರ ಅದರ ಬಗ್ಗೆ ತನ್ನ ಮನೆಮಾತಿನಲ್ಲಿಯೇ ಹೇಳುತ್ತದೆ. ಶಿಕ್ಷಕರು ಅದನ್ನು ಆಲಿಸಿ, ಒಂದೆರಡು ಮಾತುಗಳನ್ನು ಶಾಲೆಯ ಭಾಷೆಯಲ್ಲಿ ಚಿತ್ರದ ಕೆಳಗೆ ಬರೆದು ಓದಿ ಹೇಳುತ್ತಾರೆ. ಮಗುವಿನ ಮೊದಲ ಓದುವ ಪಾಠ ಅದೇ ಆಗುತ್ತದೆ. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಕಲಿಸುತ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ಅವರು ಮಕ್ಕಳಿಂದಲೇ ಪದಗಳನ್ನು ಪಡೆದು ಓದು ಕಲಿಸಿದ ಅನುಭವವನ್ನು 1963ರಲ್ಲಿ ಪ್ರಕಟವಾದ ‘ಟೀಚರ್’ ಎಂಬ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಜಿಲ್ಲೆಯ ಶಿಕ್ಷಕರಲ್ಲಿ ಅನೇಕರಿಗೆ ಎರಡೂ ಭಾಷೆ ಬರುವುದರಿಂದ ಈ ಕ್ರಮಕ್ಕೆ ಇಲ್ಲಿ ಅನುಕೂಲವಿದೆ. ಅವ್ವ ಹೇಳಿದ ತೆಲುಗು ಕಥೆಯನ್ನು ಮಗು ಚಿತ್ರವಾಗಿಸಿ, ತರಗತಿಯು ಅದನ್ನು ಕನ್ನಡದಲ್ಲಿ ಆಡಿ ತೋರಿಸುವುದು ಇದರ ಮುಂದಿನ ಹೆಜ್ಜೆ. ಎರಡು ಭಾಷೆಗಳಲ್ಲಿ ಹಾಡಿದ ಕೈವಾರ ತಾತಯ್ಯನವರ ನೆಲದಲ್ಲಿ ಇದನ್ನು ಹೊಸ ಪ್ರಯೋಗವೆಂದು ಹೇಳುವುದು ಕಷ್ಟ.

ಸಾಮಗ್ರಿಗಳು

ಬಣ್ಣದ ಪೆಟ್ಟಿಗೆ, ಡ್ರಾಯಿಂಗ್ ಹಾಳೆಗಳ ಖರ್ಚನ್ನು ಎಲ್ಲ ಮನೆಗಳೂ ಭರಿಸಲಾರವು. ಆದರೆ ಸಣ್ಣ ಮಕ್ಕಳ ಕಲೆಗೆ ಬೇಕಾದ ವಸ್ತುಗಳಲ್ಲಿ ಹೆಚ್ಚಿನವು ಊರಿನಲ್ಲಿಯೇ ದೊರೆಯುತ್ತವೆ. ಕೆರೆಯ ಜೇಡಿಮಣ್ಣು ಅವುಗಳಲ್ಲಿ ಮೊದಲನೆಯದು. ಕಲ್ಲು, ಬೇರುಗಳನ್ನು ಆರಿಸಿ, ನೀರಿನಲ್ಲಿ ನೆನೆಸಿ, ತುಳಿದು ಹದಮಾಡಿದ ಮಣ್ಣನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟರೆ ಹಲವು ದಿನ ಬಳಸಬಹುದು. ಕಾಗದದ ಮೇಲಿನ ಗೆರೆಯನ್ನು ಅಳಿಸಿದರೆ ಗುರುತು ಉಳಿಯುತ್ತದೆ; ಮಣ್ಣನ್ನು ಮುದ್ದೆ ಮಾಡಿ ಮತ್ತೆ ಆರಂಭಿಸಬಹುದು. ತಪ್ಪು ಮಾಡಲು ಹೆದರುವ ಮಗುವಿಗೆ ಮಣ್ಣು ಒಳ್ಳೆಯ ಆರಂಭವಾಗುವುದು ಇದೇ ಕಾರಣಕ್ಕೆ.

ಅರಿಸಿನದಿಂದ ಹಳದಿ, ಅದಕ್ಕೆ ಸುಣ್ಣ ಬೆರೆಸಿದರೆ ಕೆಂಪು, ಇದ್ದಿಲಿನಿಂದ ಕಪ್ಪು, ಇಟ್ಟಿಗೆ ಪುಡಿಯಿಂದ ಕಂದು, ಬೀಟ್‌ರೂಟಿನಿಂದ ನಸುಗೆಂಪು, ಸೊಪ್ಪಿನ ರಸದಿಂದ ಹಸಿರು ದೊರೆಯುತ್ತವೆ. ಸುಣ್ಣವು ಕಣ್ಣು ಮತ್ತು ಚರ್ಮಕ್ಕೆ ಅಪಾಯಕಾರಿಯಾದ್ದರಿಂದ ಅದನ್ನು ಬೆರೆಸುವ ಕೆಲಸ ಶಿಕ್ಷಕರದ್ದೇ ಆಗಿರಬೇಕು. ಹೂವಿನ ಮಾರುಕಟ್ಟೆಯಲ್ಲಿ ಉಳಿದುಹೋದ ಚೆಂಡುಹೂವಿನ ಎಸಳುಗಳನ್ನು ಕುದಿಸಿ ಬಣ್ಣ ತೆಗೆಯಬಹುದು. ಹುಣಸೆ ಬೀಜದ ಪುಡಿಯನ್ನು ನೀರಿನಲ್ಲಿ ಕುದಿಸಿದರೆ ಗಟ್ಟಿಯಾದ ಅಂಟು ಸಿದ್ಧವಾಗುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ತಯಾರಕರು ಬಳಸುವುದೂ ಇದನ್ನೇ. ಶಿಡ್ಲಘಟ್ಟದ ಸುತ್ತಮುತ್ತ ಚಿಟ್ಟೆ ಹೊರಬಂದು ತೂತಾದ, ನೂಲು ತೆಗೆಯಲು ಬಾರದ ರೇಷ್ಮೆಗೂಡುಗಳನ್ನು ಕತ್ತರಿಸಿ ಹೂವು, ಹಾರ, ಬೆರಳುಗೊಂಬೆಗಳನ್ನು ಮಾಡಬಹುದು. ಒಳಗೆ ಹುಳುವಿಲ್ಲದ, ಚೆನ್ನಾಗಿ ಒಣಗಿದ ಗೂಡುಗಳನ್ನು ಮಾತ್ರ ತರಗತಿಗೆ ತರಬೇಕಾಗುತ್ತದೆ.

ರಂಗೋಲಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಚುಕ್ಕಿಗಳ ಸಾಲು, ಸಮಮಿತಿ, ಮುರಿಯದ ಗೆರೆ ಇವುಗಳಿಂದಾಗಿ ಅದು ಚಿತ್ರವೂ ಹೌದು, ಗಣಿತವೂ ಹೌದು. ಶಾಲೆಗಳಲ್ಲಿ ಅದನ್ನು ಹುಡುಗಿಯರ ಸ್ಪರ್ಧೆಗೆ ಸೀಮಿತಗೊಳಿಸುವ ರೂಢಿಗೆ ಶೈಕ್ಷಣಿಕ ಕಾರಣವೇನೂ ಇಲ್ಲ.

ಹಾಡು, ತಾಳ ಮತ್ತು ನಾಟಕ

ತರಗತಿಯ ನಾಟಕಕ್ಕೂ ವಾರ್ಷಿಕೋತ್ಸವದ ನಾಟಕಕ್ಕೂ ಉದ್ದೇಶದಲ್ಲಿಯೇ ವ್ಯತ್ಯಾಸವಿದೆ. ವಾರ್ಷಿಕೋತ್ಸವದಲ್ಲಿ ಪ್ರೇಕ್ಷಕರಿದ್ದಾರೆ; ಆದ್ದರಿಂದ ಚೆನ್ನಾಗಿ ಮಾತನಾಡುವ ಕೆಲವು ಮಕ್ಕಳಿಗೆ ಪಾತ್ರ ಸಿಗುತ್ತದೆ, ಉಳಿದವರು ಮರವಾಗಿಯೋ ಪರದೆ ಎಳೆಯುವವರಾಗಿಯೋ ನಿಲ್ಲುತ್ತಾರೆ. ಧ್ವನಿಮುದ್ರಿತ ಚಿತ್ರಗೀತೆಗೆ ದೊಡ್ಡವರು ಕಲಿಸಿದ ಹೆಜ್ಜೆ ಹಾಕುವುದೂ ಈಗ ವಾರ್ಷಿಕೋತ್ಸವದ ಸಾಮಾನ್ಯ ಅಂಗ. ತರಗತಿಯ ನಾಟಕಕ್ಕೆ ಪ್ರೇಕ್ಷಕರು ಬೇಕಿಲ್ಲ. ಪಾಠದ ಸನ್ನಿವೇಶವನ್ನು ಗುಂಪುಗಳು ತಮ್ಮ ಮಾತಿನಲ್ಲಿ ಆಡಿ, ಕೊನೆಯನ್ನು ಬದಲಿಸಿ, ಮತ್ತೆ ಆಡುತ್ತವೆ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸ್ವಾತಂತ್ರ್ಯ ಚಳವಳಿಗಾರರ ಮೇಲೆ ನಡೆದ ಗೋಲಿಬಾರು ಇಂತಹ ಚಟುವಟಿಕೆಗೆ ಒದಗಬಲ್ಲ ಸ್ಥಳೀಯ ವಸ್ತು. ಅಲ್ಲಿನ ಸ್ಮಾರಕವನ್ನು ನೋಡಿ ಬಂದ ನಾಲ್ಕನೆಯ ಅಥವಾ ಐದನೆಯ ತರಗತಿಯ ಮಕ್ಕಳು ಸಭೆಗೆ ಹೊರಟ ಒಂದು ಮನೆಯ ಬೆಳಗನ್ನು ಕಲ್ಪಿಸಿಕೊಂಡು ಆಡಬಹುದು.

ಕೋಲಾಟ ಮತ್ತು ಚೆಕ್ಕೆಭಜನೆಗಳಲ್ಲಿ ಎದುರಿಗಿರುವವರ ಹೆಜ್ಜೆಯನ್ನು ನೋಡಿಕೊಂಡು ತನ್ನ ಹೆಜ್ಜೆಯನ್ನು ಹೊಂದಿಸಬೇಕಾಗುತ್ತದೆ. ಒಬ್ಬರೇ ಮಿಂಚಲು ಅವಕಾಶವಿಲ್ಲದ ಈ ಪ್ರಕಾರಗಳು ಸಣ್ಣ ಮಕ್ಕಳ ತರಗತಿಗೆ ಹೊಂದುತ್ತವೆ. ಊರಿನ ಹಿರಿಯ ಕಲಾವಿದರನ್ನು ತಿಂಗಳಿಗೊಮ್ಮೆ ಶಾಲೆಗೆ ಕರೆಸುವುದಕ್ಕೆ ಹೆಚ್ಚಿನ ವೆಚ್ಚವೂ ತಗಲುವುದಿಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯು 2009ರಲ್ಲಿ ಆರಂಭಿಸಿದ ‘ಕಲಿ-ಕಲಿಸು’ ಕಾರ್ಯಕ್ರಮವು ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರಿಗೂ ಕಲಾವಿದರಿಗೂ ಅನುದಾನ ನೀಡಿ, ಸ್ಥಳೀಯ ಕಲೆಗಳನ್ನು ಪಾಠದೊಂದಿಗೆ ಬೆಸೆಯುವ ಪ್ರಯತ್ನಗಳನ್ನು ಪ್ರೋತ್ಸಾಹಿಸಿದೆ.

ಪ್ರತಿಭಾ ಕಾರಂಜಿ ಮತ್ತು ಕಲಿಕಾ ಹಬ್ಬ

ಪ್ರತಿಭಾ ಕಾರಂಜಿಯು ಶಾಲಾ ಶಿಕ್ಷಣ ಇಲಾಖೆಯು 2000ರ ದಶಕದ ಆರಂಭದಿಂದ ನಡೆಸುತ್ತಿರುವ ಸ್ಪರ್ಧೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಮತ್ತು ರಾಜ್ಯ ಮಟ್ಟಗಳಲ್ಲಿ ಕಂಠಪಾಠ, ಕಥೆ ಹೇಳುವುದು, ಛದ್ಮವೇಷ, ಲಘುಸಂಗೀತ, ಚಿತ್ರಕಲೆ, ಮಣ್ಣಿನ ಮಾದರಿ ತಯಾರಿಕೆ, ಕೋಲಾಟ ಮುಂತಾದ ವಿಭಾಗಗಳಿರುತ್ತವೆ. ಹಳ್ಳಿಯ ಶಾಲೆಯ ಮಗುವೊಂದು ತನ್ನ ಊರಿನಾಚೆ ವೇದಿಕೆ ಏರಲು ಇದು ಅವಕಾಶ ಕಲ್ಪಿಸಿದೆ ಎಂಬುದು ನಿರ್ವಿವಾದ. ಆದರೆ ಗೆಲ್ಲಬಲ್ಲ ಇಬ್ಬರು ಮೂವರನ್ನು ಆರಿಸಿ ತರಬೇತುಗೊಳಿಸುವ ಒತ್ತಡವೂ ಅದರೊಂದಿಗೆ ಬರುತ್ತದೆ.

ಬಹುಮಾನದ ಪರಿಣಾಮದ ಬಗ್ಗೆ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಸಿದ್ಧವಾಗಿದೆ. ಚಿತ್ರ ಬರೆಯುವುದರಲ್ಲಿ ಮೊದಲೇ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಲಾಯಿತು. ಇನ್ನೊಂದಕ್ಕೆ ಹೇಳದೆ ಕೊಡಲಾಯಿತು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನಗಳ ನಂತರ ಬಿಡುವಿನ ವೇಳೆಯಲ್ಲಿ ನೋಡಿದಾಗ, ಪ್ರಶಸ್ತಿಗಾಗಿ ಬರೆದಿದ್ದ ಮಕ್ಕಳು ಉಳಿದವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟು ಸಮಯವನ್ನು ಮಾತ್ರ ಚಿತ್ರಕ್ಕೆ ನೀಡಿದರು. ಕಾರಂಜಿಯಲ್ಲಿ ಗೆಲ್ಲುವ ಮಗುವಿನ ಬಗ್ಗೆಯೂ ಯೋಚಿಸಬೇಕಾದದ್ದು ಇದೆ ಎಂದು ಇದರಿಂದ ತಿಳಿಯುತ್ತದೆ.

2023ರ ಆರಂಭದಲ್ಲಿ ರಾಜ್ಯದಾದ್ಯಂತ ಕ್ಲಸ್ಟರ್ ಮಟ್ಟದಲ್ಲಿ ನಡೆದ ‘ಕಲಿಕಾ ಹಬ್ಬ’ವು ಭಿನ್ನ ಮಾದರಿಯದು. ‘ಆಡು-ಹಾಡು’, ‘ಕಾಗದ-ಕತ್ತರಿ-ಬಣ್ಣ’, ‘ಮಾಡು-ಆಡು’, ‘ಊರು ತಿಳಿಯೋಣ’ ಎಂಬ ಮೂಲೆಗಳಲ್ಲಿ ಮಕ್ಕಳು ಸರದಿಯಂತೆ ಭಾಗವಹಿಸಿದರು, ಗೆಲುವು ಸೋಲುಗಳಿರಲಿಲ್ಲ.

ಕಾನೂನು ಮತ್ತು ಶಿಕ್ಷಕರು

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವು ಮಗುವಿನ ಸರ್ವತೋಮುಖ ಬೆಳವಣಿಗೆಯನ್ನೂ ಚಟುವಟಿಕೆ 및 ಅನ್ವೇಷಣೆಗಳ ಮೂಲಕ ಕಲಿಕೆಯನ್ನೂ ಕಡ್ಡಾಯಗೊಳಿಸುತ್ತದೆ. ಆದರೆ ಅದೇ ಕಾಯ್ದೆಯ ಅನುಸೂಚಿಯಲ್ಲಿ ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಉಲ್ಲೇಖವಿರುವುದು ಆರರಿಂದ ಎಂಟನೆಯ ತರಗತಿಗಳಿಗೆ ಮಾತ್ರ. ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಒಂದರಿಂದ ಐದನೆಯ ತರಗತಿಯವರೆಗೆ ಅರವತ್ತು ಮಕ್ಕಳಿಗೆ ಇಬ್ಬರು ಶಿಕ್ಷಕರು ಎಂಬ ಲೆಕ್ಕವಿದೆ. ಕಲೆಯ ಅಗತ್ಯ ಅತ್ಯಂತ ಹೆಚ್ಚಿರುವ ವಯಸ್ಸಿಗೆ ಕಲಾಬೋಧಕರಿಲ್ಲವೆಂಬುದು ಇದರ ಅರ್ಥ. ಕರ್ನಾಟಕದಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆಗಳು ಸಾಮಾನ್ಯವಾಗಿ ಪ್ರೌಢಶಾಲೆಗಳಲ್ಲಿರುತ್ತವೆ. ಹೀಗಾಗಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ, ಗಣಿತ, ಪರಿಸರ ಅಧ್ಯಯನಗಳನ್ನು ಕಲಿಸುವ ಶಿಕ್ಷಕರೇ ಹಾಡನ್ನೂ ಚಿತ್ರವನ್ನೂ ನಡೆಸಬೇಕು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಅಂಗವಾಗಿ ಸಿದ್ಧವಾದ ಕಲೆ, ಸಂಗೀತ, ನೃತ್ಯ ಮತ್ತು ರಂಗಭೂಮಿ ಕುರಿತ ನಿಲುವು ಪತ್ರವು ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿಸಲು ಶಿಫಾರಸು ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇತರ ವಿಷಯಗಳ ಬೋಧನೆಯಲ್ಲಿ ಕಲೆಯನ್ನು ಬೆಸೆಯುವ ಕ್ರಮಕ್ಕೆ ಒತ್ತು ನೀಡಿತು. ಬೆಸೆಯುವುದರಲ್ಲಿ ಒಂದು ತೊಡಕಿದೆ: ಕಲೆಯು ಗಣಿತದ ಅಥವಾ ಪರಿಸರ ಪಾಠದ ಅಲಂಕಾರವಾಗಿ ಉಳಿದು, ಸೂತ್ರವನ್ನು ರಾಗವಾಗಿ ಬಾಯಿಪಾಠ ಮಾಡಿಸುವುದೇ ಸಂಗೀತವೆನಿಸಬಹುದು.

ಕಲೆಯಿಂದ ಉಳಿದ ವಿಷಯಗಳ ಅಂಕ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ 2000ದಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಉತ್ತರ ಹುಡುಕಿದರು. ಬಹುತೇಕ ಹೇಳಿಕೆಗಳಿಗೆ ದೃಢವಾದ ಆಧಾರ ಸಿಗಲಿಲ್ಲ. ಸ್ಪಷ್ಟ ಆಧಾರ ಕಂಡ ಕೆಲವೇ ಸಂಬಂಧಗಳಲ್ಲಿ ತರಗತಿಯ ನಾಟಕಕ್ಕೂ ಭಾಷಾ ಸಾಮರ್ಥ್ಯಕ್ಕೂ ಇರುವ ಸಂಬಂಧ ಒಂದು. ಎರಡು ಭಾಷೆಗಳ ನಡುವೆ ಕಲಿಯುವ ಗಡಿಭಾಗದ ಮಕ್ಕಳ ದೃಷ್ಟಿಯಿಂದ ಈ ಫಲಿತಾಂಶ ಗಮನಾರ್ಹ.

ಮೌಲ್ಯಮಾಪನ

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿಯಲ್ಲಿ ಕಲಾಶಿಕ್ಷಣವು ಸಹಪಠ್ಯ ಕ್ಷೇತ್ರವಾಗಿ ‘ಭಾಗ-ಬಿ’ಯಲ್ಲಿ ಬರುತ್ತದೆ. ಇದಕ್ಕೆ ಶ್ರೇಣಿ ನೀಡುವಾಗ ಅಂದವಾದ ಚಿತ್ರಕ್ಕೆ ಹೆಚ್ಚು, ಒರಟಾದ ಚಿತ್ರಕ್ಕೆ ಕಡಿಮೆ ಎಂಬ ಅಳತೆ ಸುಲಭವಾಗಿ ನುಸುಳುತ್ತದೆ. ಇದಕ್ಕೆ ಬದಲಾಗಿ ಪ್ರತಿ ಮಗುವಿಗೂ ಒಂದು ಕೃತಿಸಂಪುಟವನ್ನು ಇಟ್ಟು, ದಿನಾಂಕ ಬರೆದು, ಜೂನ್ ತಿಂಗಳ ಚಿತ್ರವನ್ನು ಅದೇ ಮಗುವಿನ ಫೆಬ್ರವರಿಯ ಚಿತ್ರದೊಂದಿಗೆ ಹೋಲಿಸುವುದು ಹೆಚ್ಚು ಉಪಯುಕ್ತ. ಹೊಸ ವಿಷಯ ಬಂದಿದೆಯೇ, ವಿವರ ಹೆಚ್ಚಿದೆಯೇ, ಚಿತ್ರದ ಬಗ್ಗೆ ಮಗು ಹೆಚ್ಚು ಮಾತನಾಡುತ್ತಿದೆಯೇ, ಪಕ್ಕದವರ ಹಾಳೆಯನ್ನು ನೋಡದೆ ಆರಂಭಿಸುತ್ತಿದೆಯೇ ಎಂಬುವು ಆಗ ಕೇಳಬೇಕಾದ ಪ್ರಶ್ನೆಗಳು. ಹಳೆಯ ರಟ್ಟು ಮತ್ತು ದಾರದಿಂದ ಕೃತಿಸಂಪುಟವನ್ನು ಮಕ್ಕಳೇ ಹೊಲಿದುಕೊಳ್ಳಬಹುದು. ಪೋಷಕರ ಸಭೆಯಲ್ಲಿ ಅಂಕಪಟ್ಟಿಯೊಂದಿಗೆ ಅದನ್ನೂ ತೋರಿಸಿದಾಗ, ಓದು ಬರಹ ಬಾರದ ತಂದೆ ತಾಯಿಯರೂ ತಮ್ಮ ಮಗುವಿನ ವರ್ಷದ ಕೆಲಸವನ್ನು ಯಾರ ನೆರವೂ ಇಲ್ಲದೆ ನೋಡಬಲ್ಲರು.